ಸ್ಕ್ಯಾನಿಂಗ್‌ನಲ್ಲಿ ‘ಪಿಸಿಓಡಿ’ ಬಂದಿದೆ, ಕೊಟ್ಟ ಮಾತ್ರೆ ಶುರು ಮಾಡಲಾ ಬೇಡವಾ?

ಕಿಟಕಿಪಕ್ಕ

ವಯಸ್ಸು 27. ಮೂರು ವರ್ಷದಿಂದ ಮುಟ್ಟು ಅದಕ್ಕೆ ಮನಸ್ಸು ಬಂದಾಗ ಬರುತ್ತಿದೆ. ಒಮ್ಮೆ 40 ದಿನ, ಒಮ್ಮೆ 62, ಈ ಸಲ 80 ದಾಟಿತು. ಮೊನ್ನೆ ಸ್ಕ್ಯಾನಿಂಗ್ ಮಾಡಿಸಿದೆ. ರಿಪೋರ್ಟಿನ ಕೊನೇ ಸಾಲು ‘ಎರಡೂ ಕಡೆ ಪಾಲಿಸಿಸ್ಟಿಕ್ ಅಂಡಾಶಯ’. ಡಾಕ್ಟರು ಅದನ್ನು ನೋಡಿದ್ದೇ, "ಪಿಸಿಓಡಿ ಇದೆ, ಈ ಮಾತ್ರೆ 6 ತಿಂಗಳು ತಗೊಳ್ಳಿ, ತೂಕ ಇಳಿಸಿ" ಅಂದರು. ನಾನು 5 ಅಡಿ 4 ಅಂಗುಲ, ತೂಕ 54 ಕೆಜಿ. ಎಲ್ಲಿಂದ ಇಳಿಸಲಿ? ರಕ್ತಪರೀಕ್ಷೆ ಒಂದನ್ನೂ ಬರೆದುಕೊಡಲಿಲ್ಲ.

ಮಾತ್ರೆ ಪೊಟ್ಟಣ ಇನ್ನೂ ಒಡೆದಿಲ್ಲ, ಟೇಬಲ್ ಮೇಲೇ ಇದೆ. ರಾತ್ರಿಯೆಲ್ಲ ಒಂದೇ ಯೋಚನೆ: ಇಷ್ಟೊಂದು ಗುಳ್ಳೆ ಇದೆಯಂತಲ್ಲ, ಒಡೆದರೆ ಏನು ಗತಿ?

ಹಳೇಚೀಟಿ

ಮೊದಲು ಆ ಗುಳ್ಳೆ ಭಯ ಬಿಡಮ್ಮ. ಅವು ಒಡೆಯೋ ಗುಳ್ಳೆಗಳೇ ಅಲ್ಲ. ಪ್ರತಿ ಸಲ ಅಂಡಾಶಯದಲ್ಲಿ ಅಂಡಾಣು ಇರೋ ಒಂದಿಷ್ಟು ಪುಟ್ಟ ಚೀಲಗಳು, ಅಂದರೆ ಫಾಲಿಕಲ್‌ಗಳು ಬೆಳೆಯೋಕೆ ಹೊರಡ್ತವೆ, ಅದರಲ್ಲಿ ಒಂದು ಮುಂದೆ ಹೋಗಿ ಅಂಡಾಣು ಬಿಡುತ್ತೆ, ಉಳಿದವು ಕರಗ್ತವೆ. ನಮ್ಮಂಥವರಲ್ಲಿ ಮುಂದೆ ಹೋಗಬೇಕಾದ್ದು ಹೋಗಲ್ಲ, ಅರ್ಧ ದಾರಿಯಲ್ಲೇ ನಿಂತ ಪುಟ್ಟ ಫಾಲಿಕಲ್‌ಗಳ ಗುಂಪು ಉಳಿದುಕೊಳ್ಳುತ್ತೆ. ಅದಕ್ಕೇ ಸಿಸ್ಟ್ ಅಂತ ಹೆಸರು. 1935ರಲ್ಲಿ ಶಿಕಾಗೋದ ಸ್ಟೈನ್ ಮತ್ತು ಲೆವೆಂತಾಲ್ ಏಳು ಹೆಂಗಸರನ್ನು ನೋಡಿ ಬರೆದ ಕಾಲದ ಮಾತು ಅದು. ಹೆಸರೇ ದಾರಿ ತಪ್ಪಿಸುತ್ತೆ, ಬದಲಾಯಿಸಿ ಅಂತ 2012ರಲ್ಲಿ ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆ ಕೂರಿಸಿದ ಸಮಿತಿಯೇ ಹೇಳಿತ್ತು.

ಎರಡನೇ ಮಾತು. ಸ್ಕ್ಯಾನಿಂಗ್ ಒಂದರಿಂದಲೇ ಪಿಸಿಓಎಸ್ (ನಿಮ್ಮ ಡಾಕ್ಟರು ಪಿಸಿಓಡಿ ಅಂದದ್ದೂ ಇದನ್ನೇ) ಅನ್ನೋಕೆ ಬರಲ್ಲ. 2003ರ ರಾಟರ್‌ಡ್ಯಾಮ್ ಮಾನದಂಡ ಅಂತ ಇದೆ, ಈಗಲೂ ಅದರದ್ದೇ ತಳಪಾಯ. ಮುಟ್ಟು ಏರುಪೇರು, ಗಂಡು ಹಾರ್ಮೋನ್ ಜಾಸ್ತಿ (ಮುಖದ ಮೇಲೆ ಒರಟು ಕೂದಲು, ಹೋಗದ ಮೊಡವೆ, ಅಥವಾ ರಕ್ತದಲ್ಲಿ ಟೆಸ್ಟೋಸ್ಟಿರಾನ್ ಹೆಚ್ಚು), ಸ್ಕ್ಯಾನಿಂಗ್ ಚಿತ್ರ. ಈ ಮೂರರಲ್ಲಿ ಎರಡು ಇರಬೇಕು. ಅಷ್ಟೇ ಸಾಲದು, ಹೀಗೇ ವೇಷ ಹಾಕೋ ಬೇರೆ ಕಾಯಿಲೆ ಇಲ್ಲ ಅಂತ ಖಾತ್ರಿ ಆಗಬೇಕು. ಅದಕ್ಕೆ ಈ ರಕ್ತಪರೀಕ್ಷೆಗಳು: ಥೈರಾಯ್ಡ್‌ಗೆ ಟಿಎಸ್‌ಎಚ್, ಪ್ರೊಲ್ಯಾಕ್ಟಿನ್ (ಎದೆಹಾಲಿನ ಹಾರ್ಮೋನ್), 17-ಹೈಡ್ರಾಕ್ಸಿಪ್ರೊಜೆಸ್ಟಿರಾನ್. ಕೊನೆಯದು ಅಡ್ರಿನಲ್ ಗ್ರಂಥಿಯ ಒಂದು ಹುಟ್ಟು ತೊಂದರೆ ಹಿಡಿಯೋಕೆ, ಬೆಳಿಗ್ಗೆ ಬೇಗ ರಕ್ತ ಕೊಡಬೇಕು. ಇದ್ಯಾವುದಕ್ಕೂ ಮೊದಲು ಗರ್ಭಪರೀಕ್ಷೆ. ನಗಬೇಡಿ, 80 ದಿನ ಅಂದರೆ ಮೊದಲು ಅದೇ.

ಕತ್ತಲಕೋಣೆ

ನಾನು ಸ್ಕ್ಯಾನಿಂಗ್ ರೂಮಿನಲ್ಲೇ ಹನ್ನೊಂದು ವರ್ಷದಿಂದ ಇರುವವಳು, ಅದಕ್ಕೆ ಈ ಹೆಸರು. ನಮಗೆ ಪರದೆ ಮೇಲೆ ಏನು ಕಾಣುತ್ತೆ ಹೇಳ್ತೀನಿ. ಅಂಡಾಶಯ ಬೂದು ಬಣ್ಣದ ದಪ್ಪ ಬಾದಾಮಿ ಥರ. ಅದರ ಅಂಚಿಗುಂಟ ಕಪ್ಪು ಕಪ್ಪು ಚುಕ್ಕಿ, ದಾರಕ್ಕೆ ಪೋಣಿಸಿದ ಹಾಗೆ. ಕರ್ಸರ್ ಇಟ್ಟು ಎಣಿಸುತ್ತೇನೆ. ಎಣಿಸುವಾಗ ಕೈ ಒಂಚೂರು ವಾಲಿದರೆ ಚುಕ್ಕಿ ಮಾಯ, ಮತ್ತೆ ಮೊದಲಿಂದ.

ರಾಟರ್‌ಡ್ಯಾಮ್ ಕಾಲದಲ್ಲಿ ಒಂದು ಅಂಡಾಶಯದಲ್ಲಿ 12 ಇದ್ದರೆ ‘ಪಾಲಿಸಿಸ್ಟಿಕ್’ ಅಂತಿದ್ದರು. ಮಷೀನುಗಳು ಚುರುಕಾದ ಮೇಲೆ ಆರೋಗ್ಯವಾಗಿರುವ ಎಷ್ಟೋ ಹುಡುಗಿಯರಲ್ಲೂ 12 ಕಾಣತೊಡಗಿತು. ಈಗಿನ ಅಂತರರಾಷ್ಟ್ರೀಯ ಮಾರ್ಗಸೂಚಿಯಲ್ಲಿ ಒಳಗಿನಿಂದ ಮಾಡುವ ಸ್ಕ್ಯಾನಿಂಗ್‌ಗೆ 20 ಅಥವಾ ಹೆಚ್ಚು. ಹೊಟ್ಟೆ ಮೇಲಿಂದ ಮಾಡಿದ್ದಾದರೆ ಎಣಿಕೆ ನಂಬಿಕೆಗೆ ಬರೋದು ಕಷ್ಟ, ಅಂಡಾಶಯದ ಗಾತ್ರ 10 ಮಿಲಿಲೀಟರ್ ಮುಟ್ಟಿದೆಯಾ ನೋಡುತ್ತಾರೆ. ನಿಮ್ಮ ರಿಪೋರ್ಟಿನ ಕೊನೇ ಸಾಲು ಬಿಟ್ಟು ಮೇಲಿನ ಅಂಕಿಗಳನ್ನು ಓದಿ. ಗಾತ್ರ ಎಷ್ಟು ಬರೆದಿದ್ದಾರೆ?

ಕಿಟಕಿಪಕ್ಕ

ಬಲ 11.4, ಎಡ 9.1. ಹೊಟ್ಟೆ ಮೇಲಿಂದಲೇ ಮಾಡಿದ್ದು. ಎಣಿಕೆ ಬರೆದೇ ಇಲ್ಲ.

ಕತ್ತಲಕೋಣೆ

ಒಂದು ಕಡೆ 10 ದಾಟಿದರೂ ಸಾಕು, ಆ ಜಾಗದಲ್ಲಿ ದೊಡ್ಡ ಫಾಲಿಕಲ್ಲೋ ಸಿಸ್ಟೋ ಇಲ್ಲದಿದ್ದರೆ. ಹಾಗಾಗಿ ರಿಪೋರ್ಟ್ ಸುಳ್ಳಲ್ಲ. ಆದರೆ ನಾವು ಬರೆಯೋದು ಅಂಡಾಶಯ ಹೇಗೆ ಕಾಣ್ತು ಅಂತ, ನಿಮಗೆ ಏನಾಗಿದೆ ಅಂತಲ್ಲ. ಆ ಎರಡರ ನಡುವೆ ಒಬ್ಬ ಡಾಕ್ಟರು ಕೂತು ಮಾತಾಡಬೇಕು.

ಓಟಗಾತಿ

ಕತ್ತಲಕೋಣೆ ಹೇಳಿದ್ದಕ್ಕೆ ನಾನೇ ಸಾಕ್ಷಿ. ನನ್ನ ಸ್ಕ್ಯಾನಿಂಗ್‌ನಲ್ಲೂ ಹಾಗೇ ಬಂದಿತ್ತು, ಎರಡು ವರ್ಷ ‘ಪಿಸಿಓಡಿ’ ಹಣೆಪಟ್ಟಿ ಹೊತ್ತು ತಿರುಗಿದೆ. ಊಟ ಇನ್ನೂ ಕಡಿಮೆ ಮಾಡು, ಇನ್ನೂ ಓಡು ಅಂದರು, ಮಾಡಿದೆ. ಮುಟ್ಟು ಪೂರ್ತಿ ನಿಂತೇ ಹೋಯ್ತು. ಕೊನೆಗೆ ಒಬ್ಬ ಹಾರ್ಮೋನ್ ಡಾಕ್ಟರು ಕೇಳಿದ್ದು ಒಂದೇ ಪ್ರಶ್ನೆ: "ದಿನಕ್ಕೆ ಎಷ್ಟು ಓಡ್ತೀಯ, ಎಷ್ಟು ತಿಂತೀಯ?" ನನ್ನದು ಪಿಸಿಓಎಸ್ ಆಗಿರಲೇ ಇಲ್ಲ. ದೇಹಕ್ಕೆ ಶಕ್ತಿ ಸಾಲದೆ ಮೆದುಳಿನ ಹೈಪೊಥಲಾಮಸ್ ಅಂಡಾಶಯಕ್ಕೆ ಸಂದೇಶ ಕಳಿಸೋದನ್ನೇ ನಿಲ್ಲಿಸಿತ್ತು. ಅಂಥವರಲ್ಲೂ ಅಂಡಾಶಯ ಸ್ಕ್ಯಾನಿಂಗ್‌ನಲ್ಲಿ ಹೀಗೇ ಕಾಣಬಹುದಂತೆ. ಎಲ್‌ಎಚ್, ಎಫ್‌ಎಸ್‌ಎಚ್ (ಆ ಸಂದೇಶ ಒಯ್ಯುವ ಹಾರ್ಮೋನ್‌ಗಳು), ಹೆಣ್ಣು ಹಾರ್ಮೋನ್ ಈಸ್ಟ್ರೋಜನ್ ಎಲ್ಲ ನೆಲ ಕಚ್ಚಿದ್ದವು. ಒಂದಕ್ಕೆ ಹೇಳುವ ‘ತೂಕ ಇಳಿಸು’ ಇನ್ನೊಂದಕ್ಕೆ ವಿಷ. ತೆಳ್ಳಗಿದ್ದೀರಿ ಅಂದಿರಲ್ಲ, ಅದಕ್ಕೇ ಬರೆದೆ.

ಕಿಟಕಿಪಕ್ಕ

ಇಲ್ಲ, ನಾನು ಬಸ್ಸು ಹಿಡಿಯೋಕೂ ಓಡಲ್ಲ. ಊಟವೂ ಚೆನ್ನಾಗಿದೆ.

ಒಂದು ವಿಷಯ ಡಾಕ್ಟರಿಗೆ ಹೇಳಿರಲಿಲ್ಲ, ಇಲ್ಲಿ ಹೇಳ್ತೀನಿ. ಗಲ್ಲದ ಕೆಳಗೆ ಕೂದಲು ಬರುತ್ತೆ. ಏಳೆಂಟು, ದಪ್ಪ, ಗಟ್ಟಿ. ದಿನಾ ಬೆಳಿಗ್ಗೆ ಕಿಟಕಿ ಬೆಳಕಿಗೆ ಚಿಕ್ಕ ಕನ್ನಡಿ ಹಿಡಿದು ಚಿಮಟದಲ್ಲಿ ಕೀಳ್ತೀನಿ. ಬೆರಳಾಡಿಸಿದರೆ ಚುಚ್ಚಬಾರದು, ಅಲ್ಲಿಯವರೆಗೂ ಹೊರಗೆ ಹೋಗಲ್ಲ. ಅವರು ಕೇಳಲಿಲ್ಲ, ನಾನೂ ಬಾಯಿ ಬಿಡಲಿಲ್ಲ. ಪರೀಕ್ಷೆಗೆ ಹೋಗುವ ದಿನ ಕೂಡ ಕಿತ್ತುಕೊಂಡೇ ಹೋಗಿದ್ದೆ!

ಹಳೇಚೀಟಿ

ಅಯ್ಯೋ ಹುಡುಗಿ, ಅದೇ ದೊಡ್ಡ ಸುಳಿವು. ನಾವೆಲ್ಲ ಹಾಗೇ ಮಾಡೋದು, ಡಾಕ್ಟರ ಮುಂದೆ ನುಣ್ಣಗೆ ಕೂತುಕೊಂಡು ಆಮೇಲೆ ಅವರಿಗೆ ಗೊತ್ತಾಗಲಿಲ್ಲ ಅಂತ ಬೈಯೋದು. ದೇಹದ ಒಂಬತ್ತು ಜಾಗ ನೋಡಿ, ಪ್ರತಿ ಜಾಗಕ್ಕೆ 0ಯಿಂದ 4 ಅಂಕ ಕೊಡೋ ಲೆಕ್ಕ ಇದೆ, ಫೆರಿಮನ್-ಗಾಲ್ವೇ ಅಂತ. ಒಟ್ಟು 4ರಿಂದ 6 ಅಥವಾ ಅದಕ್ಕಿಂತ ಮೇಲಾದರೆ ಹೆಚ್ಚು ಅಂತ ಲೆಕ್ಕ, ಜನಾಂಗ ನೋಡಿಕೊಂಡು. ಕಿತ್ತು ಹೋಗಿದ್ದರೆ ‘ಕೀಳದಿದ್ದರೆ ಹೀಗಿರುತ್ತೆ’ ಅಂತ ಬಾಯಿಬಿಟ್ಟು ಹೇಳಬೇಕು.

ಮುಟ್ಟಿನ ಏರುಪೇರು, ಕೂದಲು ಎರಡೂ ಸ್ಪಷ್ಟವಾಗಿದ್ದು ಬೇರೆ ಕಾರಣ ಇಲ್ಲ ಅಂತಾದರೆ ಸ್ಕ್ಯಾನಿಂಗ್ ಬೇಕೇ ಆಗಲ್ಲ. ತಮಾಷೆ ನೋಡಿ, ಎಲ್ಲರೂ ಮೊದಲು ಮಾಡಿಸೋದು ಅದನ್ನೇ.

ಗುಳಿಗೆಡಬ್ಬಿ

ಔಷಧಿ ಅಂಗಡಿ ಕೌಂಟರ್ ಹಿಂದೆ ನಿಂತವಳು ನಾನು. ಆ ಟೇಬಲ್ ಮೇಲಿನ ಪೊಟ್ಟಣದ ಮೇಲೆ ಏನು ಬರೆದಿದೆ? ಎಥಿನೈಲ್ ಎಸ್ಟ್ರಡಯಾಲ್ (ಅದು ಒಂದು ಥರದ ಈಸ್ಟ್ರೋಜನ್) ಅಂತ ಇದೆಯಾ? ಇದ್ದರೆ ನಾಲ್ಕು ಪ್ರಶ್ನೆಗೆ ಉತ್ತರ ಕೊಡಿ. ಬಿಪಿ ಇದೆಯಾ? ಸಿಗರೇಟು? ನಿಮಗೋ ಮನೆಯವರಿಗೋ ಕಾಲಿನಲ್ಲಿ, ಶ್ವಾಸಕೋಶದಲ್ಲಿ ರಕ್ತ ಹೆಪ್ಪುಗಟ್ಟಿದ್ದುಂಟಾ? ಮೈಗ್ರೇನ್ ಉಂಟಾ, ಉಂಟಾದರೆ ತಲೆನೋವಿಗೆ ಮುಂಚೆ ಕಣ್ಣ ಮುಂದೆ ಏನಾದರೂ ಕಾಣುತ್ತಾ?

ಕಿಟಕಿಪಕ್ಕ

ಎಥಿನೈಲ್ ಎಸ್ಟ್ರಡಯಾಲ್ ಇದೆ. ಮೊದಲ ಮೂರೂ ಇಲ್ಲ.

ನಾಲ್ಕನೇದು… ಹೌದು. ಕಾಲೇಜಿನಿಂದ ಇದೆ. ಮೊದಲು ಅಂಕುಡೊಂಕು ಗೆರೆ ಮಿನುಗುತ್ತಾ ಬರುತ್ತೆ, ಓದುತ್ತಿರುವ ಸಾಲಿನ ಮಧ್ಯೆ ಅಕ್ಷರ ಕಾಣೆ. ಇಪ್ಪತ್ತು ನಿಮಿಷಕ್ಕೆ ಅದು ಹೋಗಿ ಒಂದೇ ಕಡೆ ತಲೆ ಸಿಡಿಯುತ್ತೆ. ಕಣ್ಣಿನ ದೋಷ ಅಂದುಕೊಂಡಿದ್ದೆ. ಇದಕ್ಕೂ ಮುಟ್ಟಿನ ಮಾತ್ರೆಗೂ ಏನು ಸಂಬಂಧ?

ಗುಳಿಗೆಡಬ್ಬಿ

ಸಂಬಂಧ ಇದೆ, ದೊಡ್ಡದೇ. ಅದಕ್ಕೆ ‘ಆರಾ’ ಇರುವ ಮೈಗ್ರೇನ್ ಅಂತಾರೆ. ಅಂಥವರಿಗೆ ಈಸ್ಟ್ರೋಜನ್ ಇರುವ ಮಾತ್ರೆ ಕೊಟ್ಟರೆ ಪಾರ್ಶ್ವವಾಯುವಿನ ಅಪಾಯ ಏರುತ್ತೆ, ಆದ್ದರಿಂದ ಕೊಡಬಾರದು ಅಂತಲೇ ನಿಯಮ. ಪೊಟ್ಟಣ ಒಡೆಯಬೇಡಿ. ಇನ್ನೊಬ್ಬ ಡಾಕ್ಟರನ್ನು ನೋಡಿ, ಈ ತಲೆನೋವಿನ ಮಾತನ್ನೇ ಮೊದಲು ಹೇಳಿ.

ಆ ಮಾತ್ರೆಯೇ ಕೆಟ್ಟದ್ದು ಅಂತ ಯಾರೂ ಓದಿಕೊಳ್ಳಬೇಡಿ. ಮಗು ಸದ್ಯಕ್ಕೆ ಬೇಡ ಅನ್ನುವ ಬಹಳ ಜನರಿಗೆ ಮುಟ್ಟು, ಮೊಡವೆ, ಕೂದಲು ಮೂರಕ್ಕೂ ಮೊದಲು ಕೊಡುವ ಔಷಧಿಯೇ ಅದು. ಕೇಳದೆ ಕೊಟ್ಟದ್ದು ತಪ್ಪು.

ಕಿಟಕಿಪಕ್ಕ

ಕೈ ನಡುಗ್ತಾ ಇದೆ. ಪೊಟ್ಟಣ ಕಪಾಟಿಗೆ ಹಾಕಿದೆ.

ಎರಡುಮಕ್ಕಳತಾಯಿ

ಮಧ್ಯೆ ಬಾಯಿ ಹಾಕ್ತೀನಿ, ಕ್ಷಮಿಸಿ. ಮಗಳಿಗೆ 14. ದೊಡ್ಡವಳಾಗಿ ಒಂದೂವರೆ ವರ್ಷ ಆಯ್ತು. 38 ದಿನಕ್ಕೆ, 44 ದಿನಕ್ಕೆ ಹೀಗೆ ಬರುತ್ತೆ. ಹೊಟ್ಟೆನೋವು ಅಂತ ಸ್ಕ್ಯಾನಿಂಗ್ ಮಾಡಿಸಿದಾಗ ಅವಳಿಗೂ ‘ಪಾಲಿಸಿಸ್ಟಿಕ್’ ಅಂತ ಬರೆದಿದ್ದಾರೆ. ಅವಳು ಇಂಟರ್‌ನೆಟ್ ನೋಡಿ, ‘ನನಗೆ ಮಕ್ಕಳಾಗಲ್ವಾ ಅಮ್ಮಾ’ ಅಂತ ಕೇಳ್ತಿದ್ದಾಳೆ.

ಕತ್ತಲಕೋಣೆ

ಆ ವಯಸ್ಸಿನಲ್ಲಿ ಅಂಡಾಶಯ ಹಾಗೇ ಕಾಣೋದು ಅಕ್ಕ, ತುಂಬಿ ತುಳುಕುತ್ತಿರುತ್ತೆ. ಮೊದಲ ಮುಟ್ಟಾಗಿ 8 ವರ್ಷ ಕಳೆಯುವವರೆಗೆ ಪಿಸಿಓಎಸ್ ಪತ್ತೆಗೆ ಸ್ಕ್ಯಾನಿಂಗ್ ಬಳಸಬೇಡಿ ಅಂತ ಮಾರ್ಗಸೂಚಿಯಲ್ಲೇ ಇದೆ. ದೊಡ್ಡವರಲ್ಲಿ ಸ್ಕ್ಯಾನಿಂಗ್ ಬದಲು ಎಎಂಎಚ್ (ಆ ಪುಟ್ಟ ಫಾಲಿಕಲ್‌ಗಳು ಬಿಡುವ ಹಾರ್ಮೋನ್) ರಕ್ತಪರೀಕ್ಷೆ ಮಾಡಬಹುದು ಅಂತ 2023ರಲ್ಲಿ ಸೇರಿಸಿದ್ದಾರೆ, ಅದೂ ಹದಿಹರೆಯದವರಿಗೆ ಸಲ್ಲದು.

ಹಳೇಚೀಟಿ

ಮೊದಲ ವರ್ಷ ಮುಟ್ಟು ಹೇಗೆ ಬಂದರೂ ಸಹಜ ಅಂತ ತಿಳೀರಿ. 1ರಿಂದ 3 ವರ್ಷದ ಒಳಗೆ 21ರಿಂದ 45 ದಿನದ ನಡುವೆ ಬಂದರೆ ಸರಿಯೇ. ಮೂರು ವರ್ಷ ಆದ ಮೇಲೆ 35 ದಿನದ ಗೆರೆ. ಒಂದೇ ಒಂದು ಸಲವೂ 90 ದಿನ ದಾಟಿದರೆ, ಅಥವಾ ಒರಟು ಕೂದಲು, ಗಾಯ ಉಳಿಸುವ ಮೊಡವೆ ಕಂಡರೆ ತೋರಿಸಿ. ನಿಮ್ಮ ಮಗಳ ಅಂಕಿ ಗೆರೆಯೊಳಗೇ ಇದೆ. ಮಕ್ಕಳಾಗಲ್ಲ ಅನ್ನೋದು ಪಿಸಿಓಎಸ್ ಇದ್ದವರಿಗೂ ಸುಳ್ಳು, ಅವಳಿಗಂತೂ ಆ ಪ್ರಶ್ನೆಯೇ ಇಲ್ಲ. ಇವತ್ತು ರಾತ್ರಿಯೇ ಹೇಳಿಬಿಡಿ ಅವಳಿಗೆ.

ಬೇರುಚಿಕಿತ್ಸೆ

[ಈ ಪ್ರತಿಕ್ರಿಯೆಯನ್ನು ತೆಗೆದುಹಾಕಲಾಗಿದೆ.]

ಮಾಡರೇಟರ್

‘90 ದಿನದಲ್ಲಿ ಬೇರುಸಹಿತ ಗುಣ, ಮೆಸೇಜ್ ಮಾಡಿ’ ಅನ್ನುವ ಪುಡಿ ವ್ಯಾಪಾರ ಇಲ್ಲಿ ಬೇಡ. ಮೂರನೇ ಸಲ ಹೇಳ್ತಿದ್ದೇನೆ.

ಸುಮ್ಮನೆಓದುವವಳು

ಪುಡಿ ಬೇಡ ಸರಿ. ಆದರೆ ಇನೊಸಿಟಾಲ್ ಅನ್ನೋ ಪೂರಕ? ನಾನು ಒಂದು ವರ್ಷದಿಂದ ತಗೊಳ್ತಿದ್ದೀನಿ, ಒಳ್ಳೇದಾಗಿದೆ ಅನಿಸುತ್ತೆ.

ಗುಳಿಗೆಡಬ್ಬಿ

ಹಾನಿ ಕಡಿಮೆ, ಲಾಭದ ಪುರಾವೆಯೂ ಕಡಿಮೆ. ಮಾರ್ಗಸೂಚಿ ‘ಇಷ್ಟವಿದ್ದರೆ ತಗೊಳ್ಳಲಿ’ ಅನ್ನುವ ಧಾಟಿಯಲ್ಲಿದೆ. ಕೂದಲು, ತೂಕದ ವಿಷಯದಲ್ಲಿ ಹೆಚ್ಚು ಆಸೆ ಇಟ್ಟುಕೊಳ್ಳಬೇಡಿ. ನಾನೇ ಮಾರೋದು ಅದನ್ನು, ಆದರೂ ಹೇಳ್ತಿದ್ದೀನಿ.

ಹಳೇಚೀಟಿ

‘ಬೇರುಸಹಿತ’ ಅನ್ನೋ ಮಾತಿಗೆ ನನ್ನ ತಕರಾರು. ಇದು ಗುಣ ಆಗಿ ಹೋಗೋ ಕಾಯಿಲೆ ಅಲ್ಲ, ಸಂಭಾಳಿಸಿಕೊಂಡು ಹೋಗೋದು. ಯಂತ್ರ ಹೀಗೆ ಕೆಡುತ್ತೆ: ಬಹಳ ಜನರಲ್ಲಿ ಇನ್ಸುಲಿನ್ ಕೆಲಸ ಸರಿಯಾಗಿ ನಡೆಯಲ್ಲ, ದೇಹ ಇನ್ನೂ ಇನ್ಸುಲಿನ್ ಸುರಿಯುತ್ತೆ. ಹೆಚ್ಚಾದ ಇನ್ಸುಲಿನ್ ಅಂಡಾಶಯಕ್ಕೆ ಗಂಡು ಹಾರ್ಮೋನ್ ಮಾಡು ಅನ್ನುತ್ತೆ. ಅದೇ ಇನ್ಸುಲಿನ್ ಯಕೃತ್ತಿಗೆ ಹೋಗಿ, ಟೆಸ್ಟೋಸ್ಟಿರಾನನ್ನು ಕಟ್ಟಿಹಾಕುವ ಎಸ್‌ಎಚ್‌ಬಿಜಿ ಅನ್ನೋ ಪ್ರೋಟೀನ್ ಕಡಿಮೆ ಮಾಡುತ್ತೆ. ಹೀಗೆ ಕಟ್ಟು ಬಿಚ್ಚಿದ ಟೆಸ್ಟೋಸ್ಟಿರಾನ್ ಜಾಸ್ತಿ ಆಗುತ್ತೆ. ಕೂದಲು, ಮೊಡವೆ, ನಿಂತ ಫಾಲಿಕಲ್ ಎಲ್ಲ ಅದರ ಹಿಂದೆ ಹಿಂದೆ. ಕತ್ತಿನ ಹಿಂದೆ ಕಪ್ಪಗೆ, ಮಖಮಲ್ಲಿನ ಥರ ಚರ್ಮ ದಪ್ಪ ಆಗಿದ್ದರೆ ಅದು ಕೊಳೆ ಅಲ್ಲ, ಇನ್ಸುಲಿನ್ ಗುರುತು. ನಾನು ಚಿಕ್ಕವಳಿದ್ದಾಗ ಅದನ್ನು ಉಜ್ಜಿ ಉಜ್ಜಿ ರಕ್ತ ಬರಿಸಿಕೊಂಡಿದ್ದೆ.

ತೂಕ ಹೆಚ್ಚಿದ್ದವರಿಗೆ 5ರಿಂದ 10 ಶೇಕಡಾ ಇಳಿದರೂ ಗುಣ ಕಾಣುತ್ತೆ. ಯಾವ ಡಯಟ್ ಅಂತ ಜಗಳ ಆಡಬೇಡಿ, ಒಂದಕ್ಕಿಂತ ಒಂದು ಮೇಲು ಅಂತ ಯಾರೂ ತೋರಿಸಿಲ್ಲ. ನಡೆಸಿಕೊಂಡು ಹೋಗೋಕೆ ಆಗೋದು ಯಾವುದೋ ಅದು. ‘ತೂಕ ಇಳಿಸಿ ಬಾ, ಆಮೇಲೆ ನೋಡೋಣ’ ಅಂತ ಬಾಗಿಲು ಹಾಕುವ ಡಾಕ್ಟರು ಸಿಕ್ಕರೆ ಮಾತ್ರ ಎದ್ದು ಬನ್ನಿ. ನನಗೆ ಹಾಗೆ ಹೇಳಿಸಿಕೊಂಡೇ ನಾಲ್ಕು ವರ್ಷ ಹೋಯ್ತು. ಆ ನಾಲ್ಕು ವರ್ಷದಲ್ಲಿ ವರ್ಷಕ್ಕೆ ಎರಡೇ ಸಲ ಮುಟ್ಟು. ಕೊನೆಗೆ ಸುರಿಯತೊಡಗಿ ನಿಲ್ಲಲಿಲ್ಲ. ಗರ್ಭಕೋಶದ ಒಳಪದರ ದಪ್ಪ ಆಗಿತ್ತು, ತುಣುಕು ತೆಗೆದು ಪರೀಕ್ಷೆಗೆ ಕಳಿಸಿದರು. ರಿಪೋರ್ಟ್ ಬರುವವರೆಗಿನ ಹತ್ತು ದಿನ ಹೇಗೆ ಕಳೆದೆ ಅಂತ ಕೇಳಬೇಡಿ. ಕ್ಯಾನ್ಸರ್ ಇರಲಿಲ್ಲ.

ಅಂಡಾಣು ಬಿಡದಿದ್ದರೆ ಪ್ರೊಜೆಸ್ಟಿರಾನ್ ಬರಲ್ಲ, ಪದರ ಕಳಚಲ್ಲ, ಬೆಳೀತಾನೇ ಇರುತ್ತೆ. ಅದಕ್ಕೇ ಮೂರು ತಿಂಗಳಾದರೂ ಮುಟ್ಟು ಬರದಿದ್ದರೆ ಬರಿಸಿಕೊಳ್ಳಬೇಕು. ಕ್ಯಾನ್ಸರ್ ಅಪಾಯ ಉಳಿದವರಿಗಿಂತ ಹೆಚ್ಚು ನಿಜ, ಆದರೂ ಒಟ್ಟು ಲೆಕ್ಕದಲ್ಲಿ ಅಪರೂಪವೇ. ಹೆದರಿಸೋಕೆ ಹೇಳಿದ್ದಲ್ಲ.

ಬೆಳಗಿನಬಸ್ಸು

ಮಗುವಿಗೆ ಪ್ರಯತ್ನಿಸುತ್ತಿರುವವರು ಇಲ್ಲಿ ಇದ್ದೀರಾ? ನನಗೆ ಲೆಟ್ರೊಜೋಲ್ ಬರೆದಿದ್ದಾರೆ. ಪೊಟ್ಟಣದ ಒಳಗಿನ ಕಾಗದ ಬಿಚ್ಚಿ ಓದಿದೆ, ಸ್ತನ ಕ್ಯಾನ್ಸರ್ ಔಷಧಿ ಅಂತಿದೆ. ಗಂಡ ಗಾಬರಿಯಾಗಿ ‘ಯಾಕೆ ನನಗೆ ಹೇಳಲಿಲ್ಲ’ ಅಂತ ಅತ್ತೇಬಿಟ್ಟರು.

ಗುಳಿಗೆಡಬ್ಬಿ

ಪಾಪ! ಅವರಿಗೆ ಹೇಳಿ, ಮಾತ್ರೆ ಒಂದೇ, ಕೆಲಸ ಬೇರೆ. ಐದು ದಿನ ಮಾತ್ರ ಈಸ್ಟ್ರೋಜನ್ ತಗ್ಗಿಸುತ್ತೆ, ಮೆದುಳು ‘ಅಯ್ಯೋ ಕಡಿಮೆಯಾಯ್ತು’ ಅಂತ ಎಫ್‌ಎಸ್‌ಎಚ್ ಕಳಿಸುತ್ತೆ, ಫಾಲಿಕಲ್ ಬೆಳೆಯುತ್ತೆ. ಪಿಸಿಓಎಸ್‌ನಲ್ಲಿ ಅಂಡಾಣು ಬಿಡಿಸೋಕೆ ಈಗ ಮೊದಲ ಆಯ್ಕೆಯೇ ಅದು. 2014ರಲ್ಲಿ ಪ್ರಕಟವಾದ, 750 ಹೆಂಗಸರ ಅಮೆರಿಕದ ಪ್ರಯೋಗದಲ್ಲಿ ಲೆಟ್ರೊಜೋಲ್ ತಗೊಂಡವರಲ್ಲಿ 27.5 ಶೇಕಡಾ ಜನರಿಗೆ ಮಗುವಾಯ್ತು, ಹಳೆಯ ಕ್ಲೊಮಿಫೀನ್‌ನಲ್ಲಿ 19.1. ಅದು ಕೈ ಕೊಟ್ಟರೆ ಇಂಜೆಕ್ಷನ್, ಲ್ಯಾಪರೊಸ್ಕೋಪಿ, ಐವಿಎಫ್ ಅಂತ ಮೆಟ್ಟಿಲುಗಳಿವೆ. ಗಂಡಸಿನ ವೀರ್ಯಪರೀಕ್ಷೆ ಮಾಡಿಸದೆ ಹೆಂಗಸಿಗೆ ಮಾತ್ರೆ ಮೇಲೆ ಮಾತ್ರೆ ಕೊಡಿಸಬೇಡಿ. ಇದು ನಾನು ಕೌಂಟರಿನಲ್ಲಿ ನಿಂತು ದಿನಾ ನೋಡೋ ಸಂಕಟ.

ಬೆಳಗಿನಬಸ್ಸು

ಇವರದ್ದು ಮಾಡಿಸಿಲ್ಲ. ಈಗಲೇ ಹೇಳ್ತೀನಿ.

ಕಿಟಕಿಪಕ್ಕ

ಐದು ವಾರ ಆಯ್ತು, ವರದಿ ಒಪ್ಪಿಸ್ತೀನಿ. ಬೇರೆ ಡಾಕ್ಟರ ಹತ್ತಿರ ಹೋದೆ. ನಾಲ್ಕು ದಿನ ಚಿಮಟ ಮುಟ್ಟದೆ ಹೋದೆ! ಮುಟ್ಟಿನ ತಾರೀಕುಗಳು, ತಲೆನೋವು, ಕೂದಲು ಎಲ್ಲ ಒಂದು ಚೀಟಿಯಲ್ಲಿ ಬರೆದುಕೊಂಡು ಹೋಗಿದ್ದೆ. ಅವರು ಚೀಟಿ ಇಸ್ಕೊಂಡು ಪೂರ್ತಿ ಓದಿದರು. ಮೈಗ್ರೇನ್ ಸಾಲಿನ ಕೆಳಗೆ ಪೆನ್ನಿನಲ್ಲಿ ಎರಡು ಗೆರೆ ಎಳೆದರು. ‘ಆ ಮಾತ್ರೆ ಬೇಡ’ ಅಂದರು.

ಗರ್ಭಪರೀಕ್ಷೆ ನೆಗೆಟಿವ್. ಟಿಎಸ್‌ಎಚ್, ಪ್ರೊಲ್ಯಾಕ್ಟಿನ್, 17-ಹೈಡ್ರಾಕ್ಸಿ ಎಲ್ಲ ಸರಿ. ಫ್ರೀ ಟೆಸ್ಟೋಸ್ಟಿರಾನ್ ಸ್ವಲ್ಪ ಮೇಲೆ. ಅಂದರೆ ಪಿಸಿಓಎಸ್ಸೇ, ಆದರೆ ಈ ಸಲ ಯಾಕೆ ಅಂತ ಗೊತ್ತಾಗಿ. ಆಮೇಲೆ 75 ಗ್ರಾಂ ಗ್ಲೂಕೋಸ್ ನೀರು ಕುಡಿಸಿದರು, ಗಂಟಲಿಗೆ ಅಂಟುವಷ್ಟು ಸಿಹಿ, ಎರಡು ಗಂಟೆ ಬೆಂಚಿನ ಮೇಲೆ ವಾಕರಿಕೆ ತಡೆದುಕೊಂಡು ಕೂತೆ. ಬೆಳಿಗ್ಗೆ ಖಾಲಿ ಹೊಟ್ಟೆಯದು 94, ಎರಡು ಗಂಟೆಯದು 158. 140ರೊಳಗೆ ಇರಬೇಕಿತ್ತಂತೆ. 54 ಕೆಜಿಯವಳಿಗೆ!

ಹಳೇಚೀಟಿ

ಬೆಳಿಗ್ಗೆಯದು ಮಾತ್ರ ನೋಡಿದ್ದರೆ ತಪ್ಪಿಹೋಗ್ತಿತ್ತು ನೋಡಿ. ತೆಳ್ಳಗಿದ್ದರೆ ಸಕ್ಕರೆ ಬರಲ್ಲ ಅನ್ನೋರಿಗೆ ಈ ಅಂಕಿ ತೋರಿಸಬೇಕು. ಏನು ಕೊಟ್ಟರು?

ಕಿಟಕಿಪಕ್ಕ

ಮುಟ್ಟು ಬರಿಸೋಕೆ ಪ್ರೊಜೆಸ್ಟಿರಾನ್ ಜಾತಿಯ ಮಾತ್ರೆ ಹತ್ತು ದಿನ. ನಿಲ್ಲಿಸಿದ ನಾಲ್ಕನೇ ದಿನ ಬಂತು. ಜೊತೆಗೆ ಸಕ್ಕರೆ ಕಾಯಿಲೆಗೂ ಕೊಡುವ ಮೆಟ್‌ಫಾರ್ಮಿನ್ 500, ರಾತ್ರಿ ಊಟದ ಜೊತೆ, ಎರಡು ವಾರಕ್ಕೊಮ್ಮೆ ಏರಿಸೋದು. ವಾರಕ್ಕೆ ಎರಡು ದಿನ ಭಾರ ಎತ್ತುವ ವ್ಯಾಯಾಮ, ಉಳಿದ ದಿನ ನಡಿಗೆ. ಕೂದಲಿಗೆ ಲೇಸರ್ ಮಾಡಿಸಿಕೊಳ್ಳಬಹುದು ಅಂದರು. ಗಂಡು ಹಾರ್ಮೋನ್ ತಡೆಯುವ ಸ್ಪೈರೊನೊಲ್ಯಾಕ್ಟೋನ್ ಕೇಳಿದೆ; ಗರ್ಭ ನಿಲ್ಲದಂತೆ ಭದ್ರ ವ್ಯವಸ್ಥೆ ಇದ್ದರೆ ಮಾತ್ರ, ಗಂಡು ಭ್ರೂಣಕ್ಕೆ ತೊಂದರೆ ಆಗಬಹುದು, ಅದೂ 6 ತಿಂಗಳು ಕಾಯದೆ ಏನೂ ಕಾಣಲ್ಲ ಅಂದರು. ಸದ್ಯಕ್ಕೆ ಬೇಡ ಅಂದೆ.

ಹೊರಡುವಾಗ ‘ನಿದ್ದೆ ಹೇಗೆ, ಮನಸ್ಸು ಹೇಗೆ’ ಅಂತ ಕೇಳಿದರು. ಎರಡು ಪ್ರಶ್ನೆ ಅಷ್ಟೇ. ಕುರ್ಚಿಯಲ್ಲೇ ಅತ್ತುಬಿಟ್ಟೆ, ಮುಂದಿನ ಪೇಷಂಟ್ ಬಾಗಿಲು ತಟ್ಟಿದರೂ ಅವರು ಅವಸರ ಮಾಡಲಿಲ್ಲ. ಪಿಸಿಓಎಸ್ ಇದ್ದವರಲ್ಲಿ ಖಿನ್ನತೆ, ಆತಂಕ ಹೆಚ್ಚು, ಕೇಳೋದು ತಪಾಸಣೆಯ ಭಾಗವೇ ಅಂದರು.

ಸುಮ್ಮನೆಓದುವವಳು

ಮೆಟ್‌ಫಾರ್ಮಿನ್ ಹೊಟ್ಟೆ ಕೆಡಿಸಲಿಲ್ವಾ? ನಾನು ಮೂರೇ ದಿನಕ್ಕೆ ಬಿಟ್ಟೆ.

ಕಿಟಕಿಪಕ್ಕ

ಮೊದಲ ವಾರ ಬಾತ್‌ರೂಮಿನ ಹತ್ತಿರದಲ್ಲೇ ವಾಸ. ಡಬ್ಬಿ ತೆಗೆದರೆ ಮೀನಿನ ವಾಸನೆ ಬೇರೆ, ಮೂಗು ಮುಚ್ಚಿಕೊಂಡು ನುಂಗ್ತೀನಿ. ಈಗ ಪರವಾಗಿಲ್ಲ.

ಗುಳಿಗೆಡಬ್ಬಿ

ನಿಧಾನವಾಗಿ ಕರಗುವ ಮಾತ್ರೆ ಬರುತ್ತೆ, ಡಾಕ್ಟರನ್ನು ಕೇಳಿ ಬದಲಾಯಿಸಿಕೊಳ್ಳಿ, ಹೊಟ್ಟೆ ತಾಳುತ್ತೆ. ವರ್ಷಗಟ್ಟಲೆ ತಗೊಂಡರೆ ಬಿ12 ಇಳಿಯಬಹುದು, ಆಗಾಗ ಪರೀಕ್ಷೆ ಮಾಡಿಸಿ. ಮತ್ತೆ ಕಿಟಕಿಪಕ್ಕ, ಇನ್ನೊಂದು: ಮೆಟ್‌ಫಾರ್ಮಿನ್‌ನಿಂದ ಅಂಡಾಣು ಬಿಡೋದು ಶುರುವಾಗಬಹುದು, ಹೇಳದೆ ಕೇಳದೆ. ಪಿಸಿಓಎಸ್ ಇದೆ ಅಂತ ಗರ್ಭ ನಿಲ್ಲಲ್ಲ ಅಂದುಕೊಂಡವರು ನನ್ನ ಕೌಂಟರಿಗೆ ಗರ್ಭಪರೀಕ್ಷೆ ಕಿಟ್ ಕೇಳಿಕೊಂಡು ಬರ್ತಾರೆ.

ಎರಡುಮಕ್ಕಳತಾಯಿ

ಮಗಳಿಗೆ ಹೇಳಿದೆ. ‘ಹಾಗಾದ್ರೆ ಆ ರಿಪೋರ್ಟ್ ಹರಿದು ಹಾಕ್ಲಾ’ ಅಂತ ಕೇಳಿದಳು. ಇಟ್ಟುಕೋ, ಮುಂದೆ ಬೇಕಾಗಬಹುದು ಅಂದೆ. ಈಗ ಗೋಡೆ ಕ್ಯಾಲೆಂಡರಿನಲ್ಲಿ ಅವಳೇ ತಾರೀಕು ಗುರುತು ಹಾಕ್ತಿದ್ದಾಳೆ, ಕೆಂಪು ಸ್ಕೆಚ್ ಪೆನ್ನಿನಲ್ಲಿ. ಮೊನ್ನೆಯದು 41 ದಿನ.